ಮೊಳೆಯದ ಹುಚ್ಚೆಳ್ಳಿನ ಬೆನ್ನು ಹತ್ತಿ

ಬೀಜ ಯಾಕೆ ಮೊಳೆಯುವುದಿಲ್ಲ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಯಾಕೆ ಮೊಳೆಯುತ್ತದೆ ಎಂದಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತೋ ಏನೋ. ಹೀಗಿರುವುದರಿಂದ ಹೋದ ಕಡೆಯೆಲ್ಲ ಏನಾದರೊಂದು ನಡೆಯುತ್ತದೆ, ನಾನು ಅದನ್ನು ಹೇಳಿ ನಾಲ್ಕು ಜನರನ್ನು ನಗಿಸುತ್ತೇನೆ. ಕೆಲವನ್ನು ಹೇಳುವಾಗ ನನಗೆ ಮಾತ್ರ ನಗು ಬರುವುದಿಲ್ಲ.

ಮನೆಯೊಡತಿಯ ಉಪಕಾರ

ಬೇಲೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹುರುಳಿಕಾಳನ್ನು, ಬೀಜವನ್ನು ಮೊಳೆಯಗೊಡದೆ ಮಲಗಿಸಿಡುವ ಹಾರ್ಮೋನು ಬೆರೆಸಿದ ನೀರಿನಲ್ಲಿ ನೆನೆಸಿ ಹತ್ತು ತಟ್ಟೆಗಳಲ್ಲಿ ಹರಡಿದ್ದೆ. ಮೊಳೆಯಬಾರದು, ಅದೇ ಪ್ರಯೋಗ. ಅರಸೀಕೆರೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಹತ್ತೂ ತಟ್ಟೆಯಲ್ಲಿ ಬೆರಳುದ್ದ ಮೊಳಕೆ. ಹಾರ್ಮೋನಿಗೇ ಬಗ್ಗದ ಹುರುಳಿ ಸಿಕ್ಕಿತೆಂದು ಕುಣಿದಾಡಿ ನನ್ನ ಮೇಷ್ಟ್ರಿಗೆ ಫೋನ್ ಮಾಡಿಬಿಟ್ಟೆ. ಫೋನ್ ಇಡುವಷ್ಟರಲ್ಲಿ ಮನೆಯೊಡತಿ ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಕಾಳು ಒಂದೂ ಮೊಳೆತಿರಲಿಲ್ಲ ಮೇಡಂ, ಪಾಪ ಅನ್ನಿಸ್ತು. ಅದನ್ನ ಎಸೆದು ನಮ್ಮನೇ ಮೊಳಕೆಕಾಳು ಹಾಕಿದೀನಿ. ಸಾರಿಗೆ ಸಾಕಾಗುತ್ತೆ ಅಲ್ವಾ?"

ಸಾಕಾಯಿತು. ಮೇಷ್ಟ್ರಿಗೆ ಮತ್ತೆ ಫೋನ್ ಮಾಡಲು ಮಾತ್ರ ವಾರ ಹಿಡಿಯಿತು.

ಎಷ್ಟು ಎಕರೆ?

ಹಳೇಬೀಡಿನಲ್ಲಿ ರೈತರ ಸಭೆ. ನಾನು ಉತ್ಸಾಹದಿಂದ ಒಂದು ಗಂಟೆ ಮಾತಾಡಿದೆ. ಕಾಳು ಬಲಿಯುವಾಗ ಒಂದು ಹಾರ್ಮೋನು ಬಂದು 'ಈಗ ಏಳಬೇಡ' ಅನ್ನುತ್ತದೆ, ಕಾಳಿನ ಒಳಗಿನ ಪೊರೆಯಲ್ಲಿರುವ ಜಿಡ್ಡಿನ ಒಂದು ಚೂರು ಮುರಿದು ಆ ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತದೆ, ಆ ನಿದ್ದೆ ಗಟ್ಟಿಯಾಗಿದ್ದರೆ ಕಟಾವಿನ ಹೊತ್ತಿಗೆ ಮಳೆ ಬಂದರೂ ಕಾಳು ಗಿಡದಲ್ಲೇ ಮೊಳೆತು ಹಾಳಾಗುವುದಿಲ್ಲ, ಎಂದೆಲ್ಲ. ಮುಂದೆ ಕೂತಿದ್ದ ಜಾವಗಲ್ ಕಡೆಯ ರೈತರೊಬ್ಬರು ಎದ್ದರು.

"ಇಷ್ಟೆಲ್ಲ ತಿಳ್ಕಂಡಿದೀರಲ್ಲ, ಎಷ್ಟು ಎಕರೆ ಮಾಡ್ತೀರಿ?"

"ಜಮೀನು ಇಲ್ಲ," ಎಂದೆ.

"ಹಂಗಾರೆ ನಮ್ಮವ್ವನ ಹುಚ್ಚೆಳ್ಳು ನೋಡ್ ಬನ್ನಿ. ಕುಯ್ಲಲ್ಲಿ ಮೂರು ದಿನ ಮಳೇಲಿ ನೆಂದ್ರೂ ಒಂದು ಕಾಳು ಮೊಳೆಯಾಕಿಲ್ಲ. ಆದ್ರೆ ಈ ಹಾರ್ಮೋನಿನ ವಿಷ್ಯ ನಮ್ಮವ್ವಂಗೆ ಗೊತ್ತಿಲ್ಲ ಮೇಡಂ, ಹುಚ್ಚೆಳ್ಳಿಗೂ ಗೊತ್ತಿಲ್ಲ."

ಕವರಿಲ್ಲದ ದಿನ

ಸಂಕ್ರಾಂತಿ ಕಳೆದ ಮೇಲೆ ಆ ರೈತರ ಊರಿಗೆ ಹೋದೆ. ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಮಡಕೆಯ ಬಾಯಿಗೆ ಮೆತ್ತಿದ್ದ ಸಗಣಿ ಬಿಡಿಸಿ ತೋರಿಸಿದರು. ಕರ್ರಗೆ ಮಿರುಗುವ ಕಾಳು. ಊರಲ್ಲಿ ಉಳಿದವರೆಲ್ಲ ಹುಚ್ಚೆಳ್ಳು ಬಿತ್ತುವುದನ್ನೇ ಬಿಟ್ಟಿದ್ದರು. ಈ ತಳಿ ಉಳಿದಿದ್ದದ್ದು ಆ ಒಂದು ಮಡಕೆಯಲ್ಲಿ.

ಅಜ್ಜಿ ಎರಡು ಹಿಡಿ ತೆಗೆದು, "ಸೆರಗು ಒಡ್ಡು ತಾಯಿ," ಅಂದರು.

ನಾನು ಒಡ್ಡಲಿಲ್ಲ. ಮಾದರಿಯನ್ನು ಸೀಲಿರುವ ಕವರಿನಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮ, ಕವರು ಲ್ಯಾಬಿನಲ್ಲಿ. ಮುಂದಿನ ತಿಂಗಳು ಬರುತ್ತೇನೆ ಎಂದೆ. ಕಾಳು ಯಾಕೆ ಬೇಕು ಎಂದು ಅಜ್ಜಿ ಕೇಳಿದ್ದಕ್ಕೆ, ಬಸ್ಸಿನ ಹೊತ್ತಾಗಿತ್ತು ನೋಡಿ, "ಒಳಗಿನ ಜಿಡ್ಡು ನೋಡಬೇಕು ಅಜ್ಜಿ," ಎಂದಷ್ಟೇ ಹೇಳಿ ಹೊರಟೆ. ಸಭೆಯಲ್ಲಿ ಒಂದು ಗಂಟೆ ಕೊರೆದವಳಿಗೆ ಅಲ್ಲಿ ಐದು ನಿಮಿಷ ಇರಲಿಲ್ಲ.

ಅಜ್ಜಿ ಮಗನಿಗೆ ಹೇಳಿದ್ದನ್ನು ಆಮೇಲೆ ಕೇಳಿದೆ: "ಪಾಪ, ಆ ಹೆಣ್ಮಗಳು ಸರ್ಕಾರದ ಸಂಬಳ ತಗಂಡ್ರೂ ಒಂದು ಕವರಿಗೂ ಗತಿ ಇಲ್ಲ ಕಣ್ಲಾ."

ಬಾಟಲಿ

ಮುಂದಿನ ತಿಂಗಳು ಹೋಗಲಾಗಲಿಲ್ಲ, ಅದರ ಮುಂದಿನ ತಿಂಗಳು ವರದಿ ಬರೆಯುವುದಿತ್ತು. ಹೋದದ್ದು ಯುಗಾದಿ ಆದ ಮೇಲೆ. ಅಜ್ಜಿ ನನ್ನನ್ನು ಕಂಡೊಡನೆ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಎಣ್ಣೆ.

"ಜಿಡ್ಡು ನೋಡ್ಬೇಕು ಅಂದಿದ್ಯಲ್ಲ ತಾಯಿ. ಕಾಳು ಒಡ್ಕಂಡು ನೀನ್ಯಾಕೆ ಕಷ್ಟ ಪಡ್ತೀಯಾ ಅಂತ ನಾನೇ ಅರಸೀಕೆರೆ ಮಿಲ್ಲಿಗೆ ಹೊತ್ಕಂಡೋಗಿ ಆಡಿಸ್ಕಂಡ್ ಬಂದೆ. ಅಲ್ಲಿ ಕೊಬ್ಬರಿ ನಡೀತಿತ್ತು. ಕೊಬ್ಬರಿ ಎಣ್ಣೆ ಬೆರೆತ್ರೆ ನಿನ್ ಲೆಕ್ಕ ತಪ್ಪಲ್ವಾ? ಮಿಸಿನ್ನು ತೊಳದ್ರೇ ಕಾಳು ಕೊಡೋದು ಅಂತ ಸಂಜೆಗಂಟ ಕುಂತಿದ್ದೆ."

ನಮ್ಮ ಲ್ಯಾಬಿನಲ್ಲಿ ಯಾರೂ ಇಷ್ಟು ಜಾಗ್ರತೆಯಾಗಿ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಅಂದು ಸೆರಗೊಡ್ಡದಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು.

"ಬಿತ್ತೋದಕ್ಕೆ ಒಂದು ಹಿಡಿ ಇಟ್ಕೊಂಡಿದ್ದೀರಲ್ಲ ಅಜ್ಜಿ?"

"ನಿಂಗೆ ಕಮ್ಮಿ ಆಗಬಾರ್ದು ಅಂತ ಎಲ್ಲಾ ಆಡಿಸ್ಬಿಟ್ಟೆ. ಬೀಜದ ಕ್ಯಾಮೆ ಮಾಡೋಳು ನೀನಿದ್ದೀಯಲ್ಲ ಅಂತ ಧೈರ್ಯವಾಗಿ ಕುಂತಿವ್ನಿ. ಮುಂಗಾರಿಗೆ ಎರಡೇ ಸೇರು ಕೊಡು ಸಾಕು. ಬ್ಯಾರೆದು ಮಾತ್ರ ಬ್ಯಾಡ ತಾಯಿ, ಇದೇ ಹುಚ್ಚೆಳ್ಳು ಆಗ್ಬೇಕು."