ಲಾರಿಗೆ ಏರಿದ ಬೀಜದ ಚೀಲಗಳು

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ನಾನು ಅಜ್ಜಂಪುರದ ಆಚೆಯ ಒಂದು ಈರುಳ್ಳಿ ಶೆಡ್ಡಿನಲ್ಲಿ, ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ತಕ್ಕಡಿಗೆ ಬೆನ್ನು ಕೊಟ್ಟು ನಿಂತಿದ್ದೆ. ಜಾಗವನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಲ್ಲಿಂದ ಯಾರಿಗೂ ಕಾಣದಂತೆ ಜಾರಿಕೊಳ್ಳಲು ದಾರಿ ಇದೆಯೇ ಎಂದು ಎರಡು ಸಲ ಅಳೆದು ನೋಡಿದ್ದೆ. ಇರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಲಾರಿ ನಿಂತಿತ್ತು.

ಮೂವತ್ತು ವರ್ಷ ಕಚೇರಿಯಲ್ಲಿ ಸಹಿಗೆ ಸಹಿ ತಾಳೆ ನೋಡಿ ನಿವೃತ್ತನಾದವನು ನಾನು. ಮನೆಯಲ್ಲಿದ್ದರೆ ಸಾರಿನಲ್ಲೂ ತಪ್ಪು ಹುಡುಕುತ್ತೇನೆಂದು ಹೆಂಡತಿಯೇ ನನ್ನನ್ನು ವಯಸ್ಕರಿಗೆ ಅಕ್ಷರ ಕಲಿಸುವ ಸ್ವಯಂಸೇವಕರ ಪಟ್ಟಿಗೆ ಸೇರಿಸಿದಳು. ಈರುಳ್ಳಿ ಬೆಳೆಯುವ ಒಂಬತ್ತು ಮನೆಗಳ ಒಂಬತ್ತು ಹೆಂಗಸರು ನನ್ನ ಪಾಲಿಗೆ ಬಂದರು. ಸಂಜೆ ವಿಂಗಡಣೆ ಮುಗಿದ ಮೇಲೆ ಅವರ ಶೆಡ್ಡೇ ಶಾಲೆ. ಘಾಟಿಗೆ ಮೊದಲ ವಾರವಿಡೀ ಅಳುತ್ತಲೇ ಪಾಠ ಮಾಡಿದೆ. “ಮೇಷ್ಟ್ರಿಗೆ ನಮ್ಮ್ಯಾಲೆ ಎಷ್ಟ್ ಕರುಳು ನೋಡ್ರೇ” ಎಂದು ಪುಟ್ಟಮ್ಮ ಎಲ್ಲರನ್ನೂ ನಗಿಸುತ್ತಿದ್ದಳು. ಅರವತ್ತು ದಾಟಿದ ಕೆಂಚಮ್ಮ ಮಾತ್ರ ನಗುತ್ತಲೂ ಇರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಮೊಣಕಾಲು ಕಟ್ಟಿಕೊಂಡು ಕೂತು ಉಳಿದವರು ಬರೆಯುವುದನ್ನು ನೋಡುತ್ತಿದ್ದರು. ಅವರ ಹೆಸರಿನ ಮುಂದೆ ಎರಡು ತಿಂಗಳು ‘ಪ್ರಗತಿ ಇಲ್ಲ’ ಎಂದು ಬರೆದೆ.

ಭಾನುವಾರ ಸಂಜೆ ಕಪ್ಪುಹಲಗೆ ಬಿದ್ದು ಒಡೆಯಿತು. ಗೋಡೆಯ ಪಕ್ಕ ಬಾಯಿ ಹೊಲಿದ ಗೋಣಿಚೀಲಗಳಿದ್ದವು. ಹೆಚ್ಚಿನವುಗಳ ಮೇಲೆ ಇದ್ದಿಲಿನಲ್ಲಿ ಹೆಸರಿತ್ತು, ಒಂಬತ್ತರ ಮೇಲೆ ಏನೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹಲಗೆ ಬೇಕೆ? ಎಲ್ಲರ ಕೈಗೂ ಇದ್ದಿಲು ಕೊಟ್ಟೆ.

“ಅವು ಬ್ಯಾಡ ಮೇಷ್ಟ್ರೇ...” ಎಂದಳು ಪುಟ್ಟಮ್ಮ.

“ಪಾಠದ ಹೊತ್ತಿನಲ್ಲಿ ಮಾತು ಬೇಡ” ಎಂದೆ.

“ಬೆಳಿಗ್ಗೆ ಒದ್ದೆ ಬಟ್ಟೇಲಿ ಒರೆಸ್ಕಂಡ್ರಾಯ್ತು, ಬರೀರೇ” ಎಂದು ಯಾರೋ ಪಿಸುಗುಟ್ಟಿದರು. ಎಂಟು ಜನ ತಂತಮ್ಮ ಹೆಸರು ಬರೆದರು. ಒಂಬತ್ತನೆಯದರ ಮೇಲೆ ಕೆಂಚಮ್ಮನ ಹೆಸರನ್ನು ನಾನೇ ಬರೆದು ತೋರಿಸಿದೆ.

ಮರುದಿನ ಹತ್ತಕ್ಕೆ ಬರಬೇಕಾದ ಲಾರಿ ಆರಕ್ಕೇ ಬಂತು. ಆ ಶೆಡ್ಡಿನ ರಿವಾಜು ನನಗೆ ತಿಳಿದದ್ದು ಆಮೇಲೆ: ಹೆಸರಿದ್ದ ಚೀಲ ಮಾರುಕಟ್ಟೆಗೆ, ಹೆಸರಿಲ್ಲದ್ದು ಬೀಜಕ್ಕೆ. ಹೆಂಗಸರು ಬಂದು, ನನಗೂ ಹೇಳಿಕಳಿಸುವಷ್ಟರಲ್ಲಿ ಹಮಾಲರು ಹೆಸರು ನೋಡಿ ಎಲ್ಲವನ್ನೂ ಏರಿಸಿದ್ದರು. ಒಂಬತ್ತು ಮನೆಗಳವರು ಒಂದೊಂದೇ ಆರಿಸಿ ಎತ್ತಿಟ್ಟ ಬೀಜದ ಗೆಡ್ಡೆ ಎಂಬತ್ತು ಚೀಲಗಳ ನಡುವೆ ಎಲ್ಲೋ ಇತ್ತು. ಮಾರುವ ಚೀಲಗಳ ಮೇಲೆ ಅವರ ಮನೆಯ ಮಕ್ಕಳು ಬರೆದಿದ್ದದ್ದೂ ಅವೇ ಹೆಸರುಗಳು, ಇದ್ದಿಲೂ ಅದೇ.

“ಎಲ್ಲಾ ಬಿಚ್ತಾ ಕೂತ್ರೆ ಸಂಜೆ ಆಯ್ತದೆ ಕಣಕ್ಕ. ಅರ್ಧ ಗಂಟೆ ಕೊಡ್ತೀನಿ, ಆಮ್ಯಾಕೆ ಹೊಂಟೆ” ಎಂದ ಡ್ರೈವರ್ ಫಯಾಜ್.

ಕನ್ನಡಕ ಒರೆಸಿಕೊಂಡು ಮೊದಲು ಹತ್ತಿದವನು ನಾನು. ಸಹಿ ನೋಡಿದ ಕಣ್ಣಲ್ಲವೇ? ನಾಲ್ಕು ಚೀಲ ತೋರಿಸಿದೆ. ಬಿಚ್ಚಿದರೆ ನಾಲ್ಕೂ ಮಾರುವ ಮಾಲು.

“ಇಳೀರಿ ಮೇಷ್ಟ್ರೇ” ಎಂದು ಕೆಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಒಂದೊಂದು ಚೀಲದ ಮುಂದೂ ಬಗ್ಗಿ ನಿಂತರು. “ಪುಟ್ಟಮ್ಮ. ಇದು ಅವಳ ಮಗಂದು, ಬಿಡು. ಇದೂ ಪುಟ್ಟಮ್ಮ. ಇದು ಅವಳದೇ ಕೈ. ಉಸಿರು ಬಿಗಿ ಹಿಡ್ಕಂಡು ಬರೀತಾಳೆ, ಗೀಟು ನಡುಗೈತೆ. ಇಳ್ಸು. ಲಕ್ಕಮ್ಮ. ಎಡಗೈಯೋಳು, ಬರೆದಿದ್ದನ್ನ ಕೈಯಾಗೇ ಉಜ್ಜವ್ಳೆ. ಇಳ್ಸು.”

“ನಾ ಉಸಿರು ಹಿಡಿಯೋದು ನಂಗೇ ಗೊತ್ತಿಲ್ವಲ್ಲಕ್ಕ” ಎಂದಳು ಪುಟ್ಟಮ್ಮ, ಮೆಲ್ಲಗೆ. ಈ ಸಲ ಯಾರೂ ನಗಲಿಲ್ಲ. ಇಳಿಸಿದ ಪ್ರತಿ ಚೀಲವನ್ನೂ ಬಿಚ್ಚಿ ನೋಡಿದೆವು. ಎಂಟಕ್ಕೆ ಎಂಟೂ ಬೀಜದ್ದೇ. ಎರಡು ತಿಂಗಳು ಆಕೆ ಅಕ್ಷರದ ಜೊತೆಗೆ ಅದನ್ನು ಬರೆದ ಬೆರಳನ್ನೂ ಓದುತ್ತಿದ್ದರೆಂದು ನನಗೆ ತಿಳಿದದ್ದು ಆಗ. ಹಿಂದೆ ಸರಿದು ತಕ್ಕಡಿಗೆ ಬೆನ್ನು ಕೊಟ್ಟು ನಿಂತೆ.

ಉಳಿದದ್ದು ಅವರದೇ ಚೀಲ. ಕೆಂಚಮ್ಮ ಎಂಬ ಹೆಸರಿನವು ಏಳಿದ್ದವು. ಒಂದು ಬಹಳ ಸೊಟ್ಟಗಿತ್ತು. “ಅದು ನಿಮ್ಮ ಮೊಮ್ಮಗನದಿರಬೇಕು” ಎಂದು ನೆರವಾಗಲು ಹೋದೆ.

ಕೆಂಚಮ್ಮ ಅದರ ಮೇಲೆಯೇ ಕೈಯಿಟ್ಟರು. “ಇದು ನಿಮ್ದು ಮೇಷ್ಟ್ರೇ. ಕಲಿಯೋರ ಮಕ ನೋಡ್ದೆ ಬರೆಯೋ ಕೈ. ಇಳ್ಸಪ್ಪಾ.”

ಬಿಚ್ಚಿದೆವು. ಬೀಜದ್ದೇ.

ನಾನಲ್ಲದೆ ಇದನ್ನು ಕಂಡವರು ಫಯಾಜ್, ಪುಟ್ಟಮ್ಮ, ಲಕ್ಕಮ್ಮ, ಇನ್ನೂ ಆರು ಹೆಂಗಸರು, ಇಬ್ಬರು ಹಮಾಲರು. ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಮೊನ್ನೆ ಕಡೂರು ಬಸ್ ನಿಲ್ದಾಣದಲ್ಲಿ ಫಯಾಜ್ ಯಾರಿಗೋ ನನ್ನನ್ನು ಬೆರಳು ಮಾಡಿ ತೋರಿಸಿ ಎಲ್ಲವನ್ನೂ ಹೇಳುತ್ತಿದ್ದ. ಕಂಬದ ಮರೆಗೆ ಸರಿದು ನಿಂತು ಕೊನೆಯವರೆಗೂ ಕೇಳಿದೆ. ತಿದ್ದಲು ಒಂದು ಮಾತೂ ಸಿಗಲಿಲ್ಲ.