ಇಪ್ಪತ್ತೇಳು ನಕ್ಷತ್ರದ ಫಿಯೆಟ್

ಎಲ್ಲದಕ್ಕೂ ಕಾರಣ ಒಂದು ಇಲಿ. ಅತ್ತಾವರದ ಹೃಷೀಕೇಶ ಭಟ್ಟರ ಅಂಗಳದಲ್ಲಿ ಆರು ವರ್ಷದಿಂದ ನಿಂತೇ ಇದ್ದ, ಅಪ್ಪನ ಕಾಲದ ಫಿಯೆಟ್ ಕಾರಿನ ವಯರುಗಳನ್ನು ಅದು ಶ್ಯಾವಿಗೆಯಂತೆ ತಿಂದು ಮುಗಿಸಿತ್ತು. ನಿಜ ಹೇಳಬೇಕೆಂದರೆ ಭಟ್ಟರಿಗೆ ಅದರಿಂದ ಎಳ್ಳಷ್ಟೂ ಬೇಸರವಾಗಿರಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮುಗಿಸಿ ಬಂದವರು ದಿನವೂ ಸಂಜೆ ಆ ಕಾರಿನ ಸ್ಟೇರಿಂಗಿನ ಹಿಂದೆ ಕೂತು, ಗಾಜು ಏರಿಸಿ, ಒಂದು ಗಂಟೆ ಪೇಪರ್ ಓದುತ್ತಿದ್ದರು. “ಸ್ವಲ್ಪ ಇಲ್ಲಿ ಬನ್ನಿ” ಎಂದು ಯಾರೂ ಕರೆಯದ ಜಾಗ ಅವರ ಪಾಲಿಗೆ ಅದೊಂದೇ.

ಶುಕ್ರವಾರ ಬೆಳಿಗ್ಗೆ ಹೆಂಡತಿ ರಮಾದೇವಿ ದೋಸೆ ಹಾಕುತ್ತಲೇ ತೀರ್ಪು ಕೊಟ್ಟರು.

“ಇವತ್ತು ಐದು ಗಂಟೆಗೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಕಾರು ತಾನಾಗಿ ಗೇಟು ದಾಟಿದರೆ ನಿಮ್ಮದು. ಇಲ್ಲದಿದ್ದರೆ ಅವನದ್ದು.”

ಭಟ್ಟರು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಶಾಲೆಗೆ ರಜೆ ಹಾಕಿ, ಪಂಪ್‌ವೆಲ್‌ನಲ್ಲಿ ಅಂಗಡಿ ಇಟ್ಟಿರುವ ಬಶೀರನಿಗೆ ಫೋನ್ ಮಾಡಿದರು. ಹಳೇ ಕಾರುಗಳ ವಯರಿಂಗ್‌ನಲ್ಲಿ ಬಶೀರನದ್ದು ಎತ್ತಿದ ಕೈ. ಅವನು ಹೊಸ ಬ್ಯಾಟರಿಯನ್ನೂ ದೊಡ್ಡದೊಂದು ಸುರುಳಿ ವಯರನ್ನೂ ಹಿಡಿದುಕೊಂಡೇ ಬಂದ. ವಯರು ಪೂರ್ತಿ ಕೆಂಪು.

“ಬೇರೆ ಬಣ್ಣ ಸಿಗ್ಲಿಲ್ಲ ಭಟ್ರೇ. ನೀವೊಂದು ಕೆಲಸ ಮಾಡಿ. ವಯರಿಗೂ ಅದು ಸೇರುವ ಜಾಗಕ್ಕೂ ಒಂದೇ ನಂಬರಿನ ಚೀಟಿ ಕಟ್ಟಿ. ಒಟ್ಟು ಇಪ್ಪತ್ತೇಳು ಉಂಟು.”

ಇಪ್ಪತ್ತೇಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪುರೋಹಿತರ ಮನೆತನದ ಭಟ್ಟರ ಕೈ ತಾನಾಗಿ ಓಡಿತು. ಹೆಡ್‌ಲೈಟಿಗೆ ಅಶ್ವಿನಿ, ಹಾರ್ನಿಗೆ ರೋಹಿಣಿ, ಬ್ರೇಕ್ ಲೈಟಿಗೆ ಮೃಗಶಿರ, ವೈಪರಿಗೆ ಸ್ವಾತಿ, ಹೀಗೆ ಸಾಗಿ ಸ್ಟಾರ್ಟರಿಗೆ ರೇವತಿ.

“ನಂಬರ್ ಅಲ್ವಾ ಹೇಳಿದ್ದು?” ಬಶೀರ್ ಕೇಳಿದ.

“ನಂಬರ್ ಮರೆತು ಹೋಗ್ತದೆ ಮಾರಾಯ. ನಕ್ಷತ್ರ ನಿದ್ದೆಯಲ್ಲೂ ಮರೆಯುವುದಿಲ್ಲ.”

ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಡಾಲಿಬಾಯಿ ಇಣುಕಿದರು. “ಎಂತ ಭಟ್ರೇ, ಕಾರಿಗೆ ನಾಮಕರಣವಾ?”

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳೂ ಸೇರಿದವು. ಟೇಪ್ ಸುತ್ತುವುದೊಂದು ಬಾಕಿ. ಬಶೀರ್ ಜುಮಾ ನಮಾಜಿಗೆ ಹೋದ, ಭಟ್ಟರು ಊಟಕ್ಕೆ ಹೋದರು. ಕೈ ಒರೆಸುತ್ತ ಹೊರಗೆ ಬಂದು ನೋಡಿದರೆ, ತೆರೆದ ಬಾನೆಟ್ಟಿನೊಳಗೆ ಅಣ್ಣ ವಿಶ್ವೇಶ ಭಟ್ಟರು ಬಗ್ಗಿದ್ದರು. ಜಾತಕ ಹೊಂದಾಣಿಕೆ ನೋಡುವುದರಲ್ಲಿ ಊರಿಗೇ ಹೆಸರಾದವರು.

“ಹೃಷಿ, ಎಂತ ಮಾಡಿಟ್ಟಿದ್ದೀ? ರೋಹಿಣಿಗೆ ರೋಹಿಣಿ, ಸ್ವಾತಿಗೆ ಸ್ವಾತಿ. ಎಲ್ಲ ಏಕನಾಡಿ ದೋಷ. ಇಂಥದ್ದು ಬಾಳಿಕೆ ಬರುವುದಿಲ್ಲ.”

“ಅಣ್ಣ, ಅದು ವಯರು.”

“ವಯರಾದರೆ ಎಂತ? ಜೋಡಿಸಿದ ಮೇಲೆ ಹೊಂದಬೇಕಲ್ಲ. ಹತ್ತು ಬದಲಿಸಿದ್ದೇನೆ. ಎಲ್ಲ ಉತ್ತಮ ಜೋಡಿ.”

ಅಣ್ಣನಿಗೆ ಎದುರಾಡುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಬಶೀರ್ ಬಂದಾಗಲೂ, ಅಣ್ಣ ಅಲ್ಲೇ ನಿಂತಿದ್ದರಿಂದ, ಭಟ್ಟರು ಅವನಿಗೆ ವಿಷಯ ಹೇಳಲಿಲ್ಲ.

ಬಶೀರ್ ಬ್ಯಾಟರಿ ಜೋಡಿಸಿ ಕೀ ತಿರುಗಿಸಿದ. ಇಂಜಿನ್ ಮಿಸುಕಲಿಲ್ಲ, ವೈಪರು ಮಾತ್ರ ಆಚೆ ಈಚೆ ಆಡಿತು. ಬ್ರೇಕ್ ಒತ್ತಿದರೆ ಹಾರ್ನು ಶುರುವಾಯಿತು. ಕಾಲು ತೆಗೆದರೂ ನಿಲ್ಲಲಿಲ್ಲ. ಬೀದಿಯವರೆಲ್ಲ ಗೇಟಿಗೆ ಬಂದರು.

“ಎಷ್ಟು ಸಂತೋಷದಿಂದ ಕೂಗ್ತದೆ ನೋಡು,” ಎಂದರು ವಿಶ್ವೇಶ ಭಟ್ಟರು.

ಬಶೀರ್ ಬ್ಯಾಟರಿ ಕಳಚಿ, ಚೀಟಿಗಳನ್ನು ಒಂದೊಂದಾಗಿ ಓದಿದ. “ರೋಹಿಣಿಯನ್ನು ಮೃಗಶಿರಕ್ಕೆ ಕಟ್ಟಿದ್ದು ಯಾರು?”

“ನಾನೇ. ಮೂವತ್ತಾರರಲ್ಲಿ ಮೂವತ್ತು ಗುಣ ಬರ್ತದೆ.”

“ಗುಣ ಬರ್ಲಿ ದೊಡ್ಡ ಭಟ್ರೇ, ಕರೆಂಟ್ ಬರ್ಬೇಕಲ್ಲ.”

ಗಂಟೆ ನಾಲ್ಕು ದಾಟಿತ್ತು. ಬಶೀರ್ ಹತ್ತು ಜೋಡಿಗಳನ್ನೂ ಬಿಡಿಸಿ, ಮತ್ತೆ ರೋಹಿಣಿಗೆ ರೋಹಿಣಿಯನ್ನೇ ಕಟ್ಟುತ್ತ ಹೋದ. ಪ್ರತಿ ಗಂಟಿಗೂ ವಿಶ್ವೇಶ ಭಟ್ಟರು “ಶಿವ ಶಿವ” ಎನ್ನುತ್ತಿದ್ದರು. ಹೃಷೀಕೇಶ ಭಟ್ಟರು ಗೇಟನ್ನೂ ಗಡಿಯಾರವನ್ನೂ ನೋಡಿ ನೋಡಿ ಬೆವೆತರು. ಐದಕ್ಕೆ ಹತ್ತು ನಿಮಿಷವಿರುವಾಗ ಅವರೇ ಸ್ಟೇರಿಂಗಿನ ಹಿಂದೆ ಕೂತು ಕೀ ತಿರುಗಿಸಿದರು. ಫಿಯೆಟ್ ಎರಡು ಸಲ ಕೆಮ್ಮಿ, ಗುರುಗುಟ್ಟಿ, ಗೇಟು ದಾಟಿ ರಸ್ತೆಗೆ ಇಳಿಯಿತು. ಭಟ್ಟರ ಕಣ್ಣಲ್ಲಿ ನೀರು ಬಂತು. ನಾಳೆಯ ಪೇಪರನ್ನು ಇದೇ ಸೀಟಿನಲ್ಲಿ ಓದಬಹುದು.

“ಗುಜರಿಯವನು ಎಲ್ಲಿ?” ಗೆದ್ದ ಗತ್ತಿನಲ್ಲಿ ಕೇಳಿದರು.

“ಯಾವ ಗುಜರಿಯವನು?” ರಮಾದೇವಿ ಹೊಸ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದರು. “ಹಾಗೆ ಹೇಳದಿದ್ದರೆ ನೀವು ರಿಪೇರಿ ಮಾಡಿಸ್ತಿದ್ರಾ? ಡಾಲಿಬಾಯಿ, ಬನ್ನಿ, ಕೂತ್ಕೊಳ್ಳಿ. ಮೊದಲು ನಿಮ್ಮನ್ನು ಇಗರ್ಜಿಗೆ ಬಿಡುವ. ಮತ್ತೆ ಭಾವನನ್ನು ಗೃಹಪ್ರವೇಶದ ಮನೆಗೆ. ಆಮೇಲೆ ಕಾಟಿಪಳ್ಳದಲ್ಲಿ ನನ್ನ ತಂಗಿ ಸಿಂಧುವಿನ ಮನೆಗೆ. ಇನ್ನು ದಿನಾ ಸಂಜೆ ನೀವು ಶಾಲೆಯಿಂದ ಬಂದ ಕೂಡಲೇ ಹೊರಡುವ.”

ಭಟ್ಟರು ಟಯರು ನೋಡುವ ನೆಪದಲ್ಲಿ ಇಳಿದು ಬಶೀರನ ಕಿವಿಯ ಹತ್ತಿರ ಬಗ್ಗಿದರು.

“ಯಾರಿಗೂ ಹೇಳ್ಬೇಡ ಮಾರಾಯ. ಆ ಸ್ಟಾರ್ಟರಿನ ರೇವತಿಯನ್ನು ಮೆಲ್ಲ ಬಿಚ್ಚಿಬಿಡು.”

“ಚೀಟಿ ಎಲ್ಲ ಕಿತ್ತು ಬಿಸಾಡಿದೆ ಭಟ್ರೇ, ದೊಡ್ಡ ಭಟ್ರು ಪುನಃ ಕೈ ಹಾಕ್ಬಾರ್ದು ಅಂತ. ಎಲ್ಲ ಕೆಂಪೇ, ಮೇಲೆ ಟೇಪ್ ಬೇರೆ ಸುತ್ತಿದ್ದೇನೆ. ಇನ್ನು ಯಾವುದು ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಆರಾಮಾಗಿ ಓಡಿಸಿ.”

ಹಿಂದಿನ ಸೀಟಿನಲ್ಲಿ ಅಣ್ಣ ಇವತ್ತಿನ ಪೇಪರನ್ನು ಹಾಸಿ, ಅದರ ಮೇಲೆ ಕೂತಾಗಿತ್ತು. ಕಾರಿನೊಳಗಿಂದ ರಮಾದೇವಿ ಕರೆದರು.

“ಸ್ವಲ್ಪ ಇಲ್ಲಿ ಬನ್ನಿ.”