ಬಾಟಲಿಯಲ್ಲಿದ್ದ ಒಳ್ಳೆ ಹಲ್ಲುಗಳು

ಅಥಣಿಯಲ್ಲಿ ಹಲ್ಲಿನ ಡಾಕ್ಟರಾಗಿದ್ದ ನಮ್ಮ ಸೋದರಮಾವನಿಗೆ ಯಾರಾದರೂ ಹೊಗಳಿದರೆ ಭಯವಾಗುತ್ತಿತ್ತು! ಬೈದವರನ್ನು ಮಾತ್ರ ನಗುತ್ತ ಬಾಗಿಲವರೆಗೆ ಕಳಿಸಿ ಬರುತ್ತಿದ್ದ.

ಅದು ಎಂಬತ್ತರ ದಶಕ. ಎಕ್ಸ್-ರೇ ಬೇಕೆಂದರೆ ಮಿರಜಕ್ಕೆ ಹೋಗಬೇಕು. ಒಂದು ಹಲ್ಲಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ? ಮಾವ ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲು ಬಡಿದು, ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದ, ಕಲ್ಲಂಗಡಿ ಕೊಳ್ಳುವವನ ಹಾಗೆ!

ನಮ್ಮ ಕಡೆಯವರೋ, ಹಲ್ಲು ನೋವಾದರೆ ಮೊದಲು ಮಿಶ್ರಿ ತುಂಬುತ್ತಾರೆ. ಹುರಿದು ಪುಡಿ ಮಾಡಿದ ನಿಪ್ಪಾಣಿ ತಂಬಾಕು ಅದು. ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ದವಡೆ ಜೋಮು. ಐಗಳಿಯ ಮುದುಕಿಯೊಬ್ಬಳು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಬೆರಳು ತೋರಿಸಿ, "ನೀವ ಹುಡುಕ್ರಿ ಸಾಹೇಬ್ರ, ಅದಕ್ಕ ಬಂದೇನ್ರಿ" ಎಂದಳು. ನೋವು ತಿರುಗಿ ಬರಲಿ ಎಂದು ಮಾವ ಬಾಯಿ ತೊಳೆಸಿ ಬೆಂಚಿನ ಮೇಲೆ ಕೂರಿಸಿದ. ಆಕೆಗೆ ಬಸ್ಸಿನ ಅವಸರ. ಕೊನೆಗೆ ಅಂದಾಜಿನ ಮೇಲೆ ಕಿತ್ತ. ಬೇರು ಮುತ್ತಿನಂತೆ ಸ್ವಚ್ಛ! ಜೋಮು ಇಳಿಯದ ಮುದುಕಿ ಕೈಗುಣ ಹೊಗಳುತ್ತ ಹೋದಳು.

ಹಾಗೆ ತಪ್ಪಿ ಕಿತ್ತ ಒಳ್ಳೆ ಹಲ್ಲುಗಳನ್ನೆಲ್ಲ ಮಾವ ತೊಳೆದು ಒಂದು ಗಾಜಿನ ಬಾಟಲಿಯಲ್ಲಿ ಇಡುತ್ತಿದ್ದ. ಹೊರಗೆ ಬಸ್ಸು ಹೋದರೆ ಸಾಕು, ಖಾಲಿ ಕೋಣೆಯಲ್ಲಿ ಅವು ಚಳಿ ಹತ್ತಿದವರಂತೆ ಕಟಕಟ ಎನ್ನುತ್ತಿದ್ದವು. ಮಾವ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದ. ನನ್ನ ನಾಲಿಗೆ ಮಾತ್ರ ತಾನಾಗಿಯೇ ಕೆಳದವಡೆಯ ಸಂದಿಗೆ ಹೋಗುತ್ತಿತ್ತು.

ಏಕೆಂದರೆ ನನ್ನದೂ ಒಂದು ಅದರಲ್ಲಿದೆಯೆಂದು ನಾನು ನಂಬಿದ್ದೆ. ಅವ್ವ ಒಪ್ಪುತ್ತಿರಲಿಲ್ಲ, ಕಬ್ಬಿನ ಗಾಡಿಯಿಂದ ಬಿದ್ದು ಮುರಿದದ್ದು ಎನ್ನುತ್ತಿದ್ದಳು. ವಿಚಿತ್ರವೆಂದರೆ ನನಗೆ ಇಕ್ಕಳವೂ ನೆನಪಿದೆ, ಗಾಡಿಯೂ ನೆನಪಿದೆ! ಧಾರವಾಡದಲ್ಲಿ ಓದಿ ಎಲ್ಲವನ್ನೂ ಅನುಮಾನಿಸಲು ಕಲಿತವನಿಗೆ ತನ್ನ ಬಾಯಿಯದೇ ಪತ್ತೆಯಿಲ್ಲ.

ತೊಂಬತ್ತರ ದಶಕದಲ್ಲಿ ಮಾವನ ಕಣ್ಣು ಮಂಜಾಗಿ ದವಾಖಾನೆ ಮುಚ್ಚಿತು. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ: "ಮಾಮಾ, ನನ್ನ ಚಲೋ ಹಲ್ಲ ಕಿತ್ತಿದ್ದೇನ ನೀ?"

ಅವನು ಬಾಟಲಿಯಲ್ಲಿ ಬೆರಳಾಡಿಸಿ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. "ಇದ ನೋಡ ಅಳ್ಯಾ. ತಪ್ಪ ನಂದ. ಒಬ್ಬರರೆ ಬಂದು ಕೇಳ್ತಾರೇನಂತ ದಾರಿ ನೋಡಾಕತ್ತಿದ್ದೆ."

ಬೆಳಕಿಗೆ ಹಿಡಿದೆ. ತಂಬಾಕಿನಿಂದ ಕಪ್ಪಾಗಿ, ಸವೆದು ಚಪ್ಪಟೆಯಾದ ಹಲ್ಲು, ಯಾರೋ ಮುದುಕರದು. ಮಾವ ನನ್ನ ಕಡೆಗೆ ಕಿವಿಗೊಟ್ಟು ಕೂತಿದ್ದ.

"ಹೌದು ಮಾಮಾ, ನಂದ" ಎಂದು ಕಿಸೆಗೆ ಹಾಕಿಕೊಂಡೆ.

ಹೊರಗೆ ಬಸ್ಸು ಹೋಯಿತು. ಬಾಟಲಿ ಕಟಕಟ ಎಂದಿತು. ಮಾವ ಕಣ್ಣು ಮುಚ್ಚಿ ಕೇಳಿದ.

"ಒಂದ ಕಡಿಮಿ ಆತು" ಎಂದ.